ಐದು ಟಿಕಲಿ, ಒಂದು ಮುಳ್ಳು

ಒಂದು ತಂತಿ ಜೋಡಿಸುವ ಕೆಲಸಕ್ಕೆ ಇನ್ನೊಬ್ಬರ ಸಹಾಯ ಯಾಕೆ ಬೇಕು?

ನಾನು ಸೋಲಾಪುರದಲ್ಲಿ ಚಾದರಿನ ಅಂಗಡಿ ನಡೆಸುತ್ತ ತಲೆ ಬೆಳ್ಳಗೆ ಮಾಡಿಕೊಂಡವನು. ಗಿರಾಕಿ ಮೆಟ್ಟಿಲು ಹತ್ತುವ ಮೊದಲೇ ಅವನಿಗೆ ಜೋಡಿ ಚಾದರು ಬೇಕೋ ಒಂಟಿ ಬೇಕೋ ಹೇಳಬಲ್ಲೆ. ಮನೆಯ ಮಿಕ್ಸರನ್ನು ಒಮ್ಮೆ ನಾನೇ ಬಿಚ್ಚಿ, ನಾನೇ ಕೂಡಿಸಿದ್ದೇನೆ. ಆಮೇಲೆ ಅದು ಶೇಂಗಾ ಚಟ್ನಿಯನ್ನು ರುಬ್ಬುವ ಬದಲು ಗೋಡೆಗೆ ಎರಚುತ್ತಿತ್ತು ಎಂಬುದು ನಿಜ. ಆದರೆ ತಿರುಗುತ್ತಿತ್ತು. ಇಂಥ ಅನುಭವಸ್ಥನಾದ ನಾನು ಕಾರಿನ ಒಂದು ಮುಳ್ಳನ್ನು ಏಳಿಸಲಾರೆನೇ ಎಂದು ಹೊರಟಿದ್ದೇ ಈ ಕಥೆಯ ಮೂಲ.

ಮುಳ್ಳು ಎಂದರೆ ಯಾವ ಮುಳ್ಳು ಎಂದು ಮೊದಲು ಹೇಳಬೇಕು. ನಮ್ಮ ಕಾರು ನಮ್ಮ ಮದುವೆಯಷ್ಟೇ ಹಳೆಯದು. ಬಿಳಿ ಬಣ್ಣ, ದುಂಡು ಮೈ, ಬಾಗಿಲು ಹಾಕಿದರೆ ಓಣಿಗೆಲ್ಲ ಗೊತ್ತಾಗುವಂಥ ಸಪ್ಪಳ. ಆ ಕಾಲದ ಕಾರಿಗೆ ವೇಗ ತೋರಿಸುವ ಮೀಟರ್ ಒಂದೇ ಇರುತ್ತಿತ್ತು. ನಾನು ಹರೆಯದ ಹುರುಪಿನಲ್ಲಿ ಮುಂಬಯಿಯಿಂದ ಟ್ಯಾಕೋಮೀಟರ್ ತಂದು ಸ್ಟೇರಿಂಗಿನ ಬಲಕ್ಕೆ ಕೂಡ್ರಿಸಿದೆ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂದು ಅದು ತೋರಿಸುತ್ತದೆ. ಸಾಯಂಕಾಲ ದೀಪ ಹಾಕಿದರೆ ಅದರ ಮುಖ ತಿಳಿಹಸಿರಾಗಿ ಬೆಳಗುತ್ತಿತ್ತು. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಸುವರ್ಣಾ ಅದರ ಹೆಸರು ಹೇಳಲು ಒಂದೆರಡು ಸಲ ಪ್ರಯತ್ನಿಸಿ, "ಹೋಗ್ಲಿ ಬಿಡ್ರಿ, ಮುಳ್ಳು ಅನ್ನೂಣು" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಮುಳ್ಳು.

ಮೊದಲ ಖಂಡೇನವಮಿಗೆ ಅವಳು ಕಾರಿಗೆ ಪೂಜೆ ಮಾಡಿದಳು. ಗಾಲಿಗೆ, ಬಾನೆಟ್ಟಿಗೆ, ಸ್ಟೇರಿಂಗಿಗೆ ಕುಂಕುಮ ಹಚ್ಚಿ, ಕೊನೆಗೆ ಮುಳ್ಳಿನ ಗಾಜಿನ ಮೇಲೂ, ಹಣೆಗೆ ಇಟ್ಟ ಹಾಗೆ, ಮೇಲ್ಗಡೆ ಒಂದು ಬೊಟ್ಟು ಇಟ್ಟಳು. ಆ ಬೊಟ್ಟಿನ ಕೆಳಗಿನ ಅಂಕಿ ಮೂರು ಸಾವಿರ. ಎಂಜಿನ್ ಆರಾಮಾಗಿ ಓಡುವಾಗ ಮುಳ್ಳು ಅದರ ಸನಿಹಕ್ಕೆ ಬರುತ್ತಿತ್ತು. "ಕುಂಕುಮ ದಾಟಬಾರದು" ಎಂದು ನಾನೇ ನಿಯಮ ಮಾಡಿದೆ. ಪ್ರತಿ ವರ್ಷ ಹಳೆಯ ಬೊಟ್ಟಿನ ಮೇಲೆಯೇ ಹೊಸ ಬೊಟ್ಟು ಬೀಳುತ್ತ ಹೋಯಿತು.

ಹುಣ್ಣಿಮೆ ಬಂದರೆ ನಾವು ಅಕ್ಕಲಕೋಟಕ್ಕೆ ದರ್ಶನಕ್ಕೆ ಹೋಗುತ್ತಿದ್ದೆವು. ಅಲ್ಲಿಂದ ಅವಳ ತವರು ಕರಜಗಿ. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಕಟ್ಟಿಕೊಂಡ ಡಬ್ಬಿ ಅವಳ ಕಾಲ ಬಳಿ. ಕಿಟಕಿಯಿಂದ ಗಾಳಿ. ದಾರಿಯಲ್ಲಿ ಅಂಗಡಿಯ ಚಿಂತೆ ತಲೆಗೆ ಹೊಕ್ಕರೆ ನನ್ನ ಕಾಲು ನನಗೆ ಗೊತ್ತಿಲ್ಲದೆ ಭಾರವಾಗುತ್ತದೆ. ಮಾಲು ಬಂದಿಲ್ಲ, ಹಬ್ಬ ಹತ್ತಿರ ಬಂತು ಎಂದು ನಾನು ಎಲ್ಲೋ ಇರುವಾಗ ಪಕ್ಕದಿಂದ ಮೆಲ್ಲಗೆ ಒಂದು ಮಾತು ಬರುತ್ತಿತ್ತು.

"ಮುಳ್ಳು."

ನೋಡಿದರೆ ಮುಳ್ಳು ಕುಂಕುಮ ದಾಟಿರುತ್ತಿತ್ತು. ನಾನು ಕಾಲು ತೆಗೆಯುತ್ತಿದ್ದೆ. ಇಷ್ಟೆ. ಅಷ್ಟು ವರ್ಷಗಳ ನಮ್ಮ ಪ್ರವಾಸದಲ್ಲಿ ಅವಳು ನನಗೆ ನಿಧಾನ ಎಂದು ಒಮ್ಮೆಯೂ ಅಂದಿಲ್ಲ. ಮುಳ್ಳು ಎಂದಿದ್ದಾಳೆ. ಆ ಒಂದು ಮಾತು ನನಗೆ ಎಷ್ಟು ಹಿತವಾಗಿತ್ತು ಎಂದು ಅದು ನಿಂತ ಮೇಲೆ ತಿಳಿಯಿತು.

ನಿಂತಿದ್ದು ಹೀಗೆ. ಹಳೆಯ ಎಂಜಿನ್ ವಯಸ್ಸಾಗಿ, ಪೆಟ್ರೋಲಿಗಿಂತ ಹೆಚ್ಚು ಆಯಿಲ್ ಕುಡಿಯತೊಡಗಿ, ಒಂದು ದಿನ ಅಕ್ಕಲಕೋಟದ ದಾರಿಯ ವಳಸಂಗದ ಹತ್ತಿರ ದೊಡ್ಡದೊಂದು ನಿಟ್ಟುಸಿರು ಬಿಟ್ಟು ತಣ್ಣಗಾಯಿತು. ನಮ್ಮ ರಜಾಕ್ ಮಿಸ್ತ್ರಿ ಅದನ್ನು ಇಳಿಸಿ ಒಂದು ಡಿಸೇಲ್ ಎಂಜಿನ್ ಏರಿಸಿದ. ಕಾರು ಮೊದಲಿಗಿಂತ ಚೆನ್ನಾಗಿ ಓಡಿತು. ಮುಳ್ಳು ಮಾತ್ರ ಸೊನ್ನೆಯ ಮೇಲೆ ಮಲಗಿದ್ದು ಏಳಲಿಲ್ಲ.

"ಶೇಠ, ಆ ಮುಳ್ಳು ಹಳೀ ಎಂಜಿನ್ನಿನ ಕಿಡಿ ಎಣಿಸ್ತಿತ್ತು," ಎಂದ ಮಿಸ್ತ್ರಿ. "ಡಿಸೇಲಿಗಿ ಕಿಡೀನ ಇರಂಗಿಲ್ಲ. ಏನ ಎಣಿಸ್ಬೇಕದು? ಗಾಡಿ ಓಡ್ತದ, ಬಸ್. ಮುಳ್ಳ ತಗೊಂಡ ಏನ ಮಾಡ್ತೀರಿ?"

ಏನು ಮಾಡುತ್ತೇನೆ ಎಂದು ಅವನಿಗೆ ಹೇಗೆ ಹೇಳಲಿ?

ಹೊಸ ಎಂಜಿನ್ನಿನಲ್ಲಿ ಸುವರ್ಣಾಳನ್ನು ಕೂಡ್ರಿಸಿಕೊಂಡು ಕುಂಭಾರಿಯವರೆಗೆ ಹೋಗಿಬಂದೆ. ಹೋಗುವಾಗ ಡಿಸೇಲಿನ ಗುಣಗಾನ ಮಾಡಿದೆ. ಬರುವಾಗ ಪೆಟ್ರೋಲಿನ ಅವಗುಣಗಳನ್ನು ವಿವರಿಸಿದೆ. ಅವಳು ಕಿಟಕಿಯ ಆಚೆ ನೋಡುತ್ತ ಕುಳಿತಿದ್ದಳು. ಒಮ್ಮೆಯೂ ಮುಳ್ಳು ಎನ್ನಲಿಲ್ಲ. ಮನೆಯ ಮುಂದೆ ಇಳಿದು, "ಯಾಕೋ ನಮ್ಮ ಗಾಡ್ಯಾಗ ಕುಂತಂಗ ಅನಸಲಿಲ್ಲ ಬಿಡ್ರಿ" ಎಂದಳು.

"ಎಂಜಿನ್ ಹೊಸಾದು ಐತಿ, ಅದಕ್ಕ."

"ಏನೋಪಾ. ಅಣ್ಣನ ಮನಿ ವಾಸ್ತುಶಾಂತಿಗಿ ಬ್ಯಾರೆ ಗಾಡಿ ಹೇಳ್ರಿ. ಇದನ್ನ ಇನ್ನ ಮೋಡಕಾಕ್ಕ ಹಾಕಿಬಿಡ್ರಿ. ಬಾಗಲದಾಗ ನಿಂತು ಜಾಗಾ ತಿಂತೈತಿ."

ಮೋಡಕಾಕ್ಕೆ, ಅಂದರೆ ಗುಜರಿಗೆ! ಅವಳನ್ನು ಮದುವಣಗಿತ್ತಿಯಾಗಿ ಕರಜಗಿಯಿಂದ ಕರೆತಂದ ಗಾಡಿ ಅದು.  ಅವಳು ಹಾಗೆ ಅಂದ ಕಾರಣ ನನಗೆ ಸ್ಪಷ್ಟವಾಗಿತ್ತು. ಮುಳ್ಳು ಏಳುತ್ತಿಲ್ಲ, ಅವಳಿಗೆ ನೋಡಲು ಏನೂ ಇಲ್ಲ, ಆದ್ದರಿಂದ ಗಾಡಿ ತನ್ನದು ಅನ್ನಿಸುತ್ತಿಲ್ಲ.

"ವಾಸ್ತುಶಾಂತಿಯೊಳಗ ಮುಳ್ಳು ಏಳಸ್ತೀನಿ," ಎಂದೆ. "ಇದ್ರಾಗ ಹೋಗೂಣು ಕರಜಗಿಗಿ."

"ಏಳಸ್ರಿ ನೋಡೂಣು. ಎದ್ದರ ಗಾಡಿ ಇರ್ಲಿ. ಏಳಲಿಲ್ಲಂದ್ರ ಮೋಡಕಾ."

ಹೀಗೆ ಒಂದು ಕಾರಿನ ಜೀವ ನನ್ನ ಕೈಗೆ ಬಂತು. ಮಿಕ್ಸರಿನ ಗತಿ ಕಂಡಿದ್ದ ಕಾರಿಗೆ ಆಗ ಹೇಗೆ ಅನ್ನಿಸಿತೋ.

ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಬಾನೆಟ್ಟಿನೊಳಗಿಂದ ಒಂದು ತಂತಿ ತಂದು ಮುಳ್ಳಿಗೆ ಜೋಡಿಸಬೇಕು ಎಂಬುದು ಅದರ ಸಾರಾಂಶ. ಯಾವ ತಂತಿ ಎಂದು ವಿಡಿಯೋದವನು ಹೇಳುವ ಹೊತ್ತಿಗೆ ಅಂಗಡಿಯಿಂದ ಫೋನು ಬಂದಿತ್ತು. ಪರವಾಗಿಲ್ಲ ಎಂದು ಬಾನೆಟ್ಟು ಎತ್ತಿ, ಕೈಗೆ ಸುಲಭವಾಗಿ ಸಿಗುವ, ನೋಡಲು ಸಭ್ಯವಾದ ಒಂದು ತಂತಿಗೆ ಜೋಡಿಸಿದೆ. ಎಂಜಿನ್ ಶುರು ಮಾಡಿದೆ. ಮುಳ್ಳು ಅಲ್ಲಾಡಲಿಲ್ಲ. ಅಷ್ಟರಲ್ಲಿ ಒಂದು ನಾಯಿ ಕಾರಿನ ಮುಂದೆ ಬಂದು ಮಲಗಿತು. ಹಾರ್ನ್ ಒತ್ತಿದೆ. ಮುಳ್ಳು ಚಂಗನೆ ಎದ್ದು ಎಂಟು ಸಾವಿರ ಮುಟ್ಟಿತು!

ನನಗಾದ ಸಂತೋಷ ಹೇಳತೀರದು. ಹಾರ್ನ್ ಬಿಟ್ಟೆ, ಮುಳ್ಳು ಮಲಗಿತು. ಒತ್ತಿದೆ, ಎದ್ದಿತು. ಇದರ ಹಿಂದಿನ ಶಾಸ್ತ್ರವನ್ನು ಅರಿಯುವ ಉದ್ದೇಶದಿಂದ ಉದ್ದವಾಗಿ, ಗಿಡ್ಡವಾಗಿ, ಬಿಟ್ಟು ಬಿಟ್ಟು, ನಾನಾ ರೀತಿಯಲ್ಲಿ ಹಾರ್ನ್ ಒತ್ತಿ ಪರೀಕ್ಷಿಸಿದೆ. ಪಕ್ಕದ ಮನೆಯ ಜೋಶಿ ಕಾಕಾ ಗ್ಯಾಲರಿಗೆ ಬಂದು, "ಅಹೋ, ವರಾತ ಕುಣಾಚೀ?" ಎಂದು ಕೇಳಿದರು. ಯಾರ ಮದುವೆಯ ಮೆರವಣಿಗೆ ಎಂಬುದು ಅವರ ವಿನಯಪೂರ್ವಕ ಮರಾಠಿ ಪ್ರಶ್ನೆ. ನಾಯಿ ಮಾತ್ರ ಏಳಲಿಲ್ಲ.

ಸುವರ್ಣಾ ಬಾಗಿಲಿಗೆ ಬಂದಳು.

"ಮುಳ್ಳು ಎದ್ದೈತಿ," ಎಂದೆ.

"ಹಂಗಂದ್ರ ಕರಜಗೀತನಕ ಹಾರ್ನ್ ಒತ್ತಕೋತ ಹೋಗೂದೇನ್ರಿ?"

ನಾನು ಆ ತಂತಿ ಬಿಚ್ಚಿದೆ.

ಸೋತು ರಜಾಕ್ ಮಿಸ್ತ್ರಿಯನ್ನೇ ಕರೆದೆ. ಅವನು ಎಂಜಿನ್ನಿನ ಜೊತೆ ತಿರುಗಿ ಬ್ಯಾಟರಿಗೆ ಕರೆಂಟು ತುಂಬುವ ಡೈನಮೋದಿಂದ ತಂತಿ ತೆಗೆದು ಜೋಡಿಸಿದ. ಈಗ ಎಂಜಿನ್ ಶುರುವಾದ ಕೂಡಲೇ ಮುಳ್ಳು ಕೊನೆಗೆ ಹೋಗಿ ಅಲ್ಲೇ ಅಂಟಿಕೊಂಡಿತು. "ಡೈನಮೋ ಭಾಳ ಎಣಿಸ್ತದ ಶೇಠ, ನಡುವ ಕಮ್ಮಿ ಮಾಡೂ ಡಬ್ಬಿ ಹಾಕ್ಬೇಕು" ಎಂದು ರೇಡಿಯೋ ರಿಪೇರಿಯವನ ಕಡೆಯಿಂದ ಬೆಂಕಿಪೆಟ್ಟಿಗೆಯಷ್ಟು ಒಂದು ಡಬ್ಬಿ ಮಾಡಿಸಿ ಹಾಕಿದ. ಮುಳ್ಳು ಹಿಡಿತಕ್ಕೆ ಬಂತು. ಡಬ್ಬಿಗೆ ಒಂದು ಪುಟ್ಟ ಸ್ಕ್ರೂ ಇತ್ತು. ಅದನ್ನು ತಿರುಗಿಸಿದರೆ ಮುಳ್ಳು ಏರುತ್ತದೆ, ಇಳಿಯುತ್ತದೆ.

"ಎಷ್ಟಕ್ಕ ನಿಂದ್ರಸಲಿ?" ಎಂದ.

ಇದು ಸರಿಯಾದ ಪ್ರಶ್ನೆ. ಮುಳ್ಳು ಸರಿಯಾಗಿ ಹೇಳಬೇಕಾದರೆ ಎಂಜಿನ್ ನಿಜಕ್ಕೂ ಎಷ್ಟು ತಿರುಗುತ್ತಿದೆ ಎಂದು ಬೇರೆ ಯಾರಾದರೂ ಹೇಳಬೇಕು. ಅವನು ಕಿವಿಯಿಂದ ಅಂದಾಜು ಮಾಡುವುದಕ್ಕೆ ಹೊರಟಿದ್ದ. ನಾನು ತಡೆದೆ. ಅಂದಾಜು ಎಂಬ ಶಬ್ದ ವ್ಯಾಪಾರಿಗೆ ಒಪ್ಪುವಂಥದ್ದಲ್ಲ. "ನೀ ಸಂಜಿಗಿ ಬಾ, ನಾ ಪಕ್ಕಾ ಲೆಕ್ಕ ತರತೀನಿ" ಎಂದು ಗೆಳೆಯ ನರಸಯ್ಯನ ಪವರ್‌ಲೂಮಿಗೆ ಹೋದೆ.

ನಮ್ಮ ಊರಿನಲ್ಲಿ ಮಗ್ಗದ ಮೋಟಾರುಗಳ ಸುತ್ತು ನೋಡಲು ಒಂದು ಕೈಮೀಟರ್ ಇಟ್ಟುಕೊಂಡಿರುತ್ತಾರೆ. ತಿರುಗುವ ಗಾಲಿಗೆ ಹೊಳೆಯುವ ಪಟ್ಟಿಯೊಂದನ್ನು ಅಂಟಿಸಿ, ದೂರದಿಂದ ಅದರ ಬೆಳಕು ಬಿಡಬೇಕು. ಹೊಳಪು ಹಾದುಹೋದ ಲೆಕ್ಕದಿಂದ ಅಂಕಿ ಮೂಡುತ್ತದೆ. ನರಸಯ್ಯ ಮೀಟರ್ ಕೊಟ್ಟು, "ಪಟ್ಟಿ ಮುಗದಾವ ನೋಡೋ, ಹೊಳಿಯೂದು ಏನರ ಅಂಟಸ್ಕೋ" ಎಂದ. ಮಗ್ಗಗಳ ಸದ್ದಿನಲ್ಲಿ ಅವನು ಇನ್ನೂ ಏನೋ ಹೇಳಿದ. ನಾನು ಎಲ್ಲ ತಿಳಿದವನ ಹಾಗೆ ಕೈಯೆತ್ತಿ ಬಂದೆ.

ಹೊಳೆಯುವಂಥದ್ದಕ್ಕೆ ನಮ್ಮ ಮನೆಯಲ್ಲಿ ಏನು ಕೊರತೆ? ಸುವರ್ಣಾಳ ಕನ್ನಡಿಯ ಮುಂದೆ ಹಣೆಗೆ ಅಂಟಿಸುವ ಟಿಕಲಿಗಳ ಹೊಸ ಪಾಕೀಟು ಇತ್ತು. ಒಂದೊಂದೂ ಬೆಳ್ಳಿಚುಕ್ಕಿಯ ಹಾಗೆ ಮಿನುಗುತ್ತಿತ್ತು. ಬಾನೆಟ್ಟಿನೊಳಗೆ ಎಂಜಿನ್ನಿನ ಜೊತೆಗೇ ತಿರುಗುವ ಮುಂದಿನ ಗಾಲಿಯನ್ನು ಒರೆಸಿ ಒಂದು ಅಂಟಿಸಿದೆ. ಕೈ ತಡೆಯಿತು. ನಮ್ಮ ಮನೆಯಲ್ಲಿ ಶುಭಕಾರ್ಯಕ್ಕೆ ಯಾವುದನ್ನೂ ಒಂದು ಮಾಡುವ ಪದ್ಧತಿಯಿಲ್ಲ. ಎಲೆ ಐದು, ಅಡಿಕೆ ಐದು, ಆರತಿ ಹಿಡಿಯುವ ಮುತ್ತೈದೆಯರು ಐದು. ಗಾಡಿ ಮರಳಿ ಜೀವ ಪಡೆಯುವ ಹೊತ್ತಿನಲ್ಲಿ ಜಿಪುಣತನ ಮಾಡುವುದೇ? ಸರಿಯಾದ ಅಂತರದಲ್ಲಿ ಗಾಲಿಯ ಸುತ್ತ ಐದು ಟಿಕಲಿ ಅಂಟಿಸಿದೆ. ಒಂದು ಉದುರಿದರೆ ನಾಲ್ಕು ಇರಲಿ ಎಂಬ ದೂರಾಲೋಚನೆಯೂ ಇತ್ತು. ನೋಡಲು ಗಾಲಿ ಹಸೆಗೆ ಕುಳಿತ ಮದುಮಗಳಂತೆ ಕಂಡಿತು.

ಸಂಜೆ ಮಿಸ್ತ್ರಿ ಬಂದ. ಎಂಜಿನ್ ಶುರುವಾಯಿತು. ನಾನು ಗಂಭೀರವಾಗಿ ಬೆಳಕು ಬಿಟ್ಟೆ. ಮೀಟರಿನಲ್ಲಿ ನಾಲ್ಕು ಸಾವಿರ ಮೂಡಿತು.

ಸುಮ್ಮನೆ ನಿಂತ ಗಾಡಿ ನಾಲ್ಕು ಸಾವಿರ! ಎಂಟುನೂರರ ಆಸುಪಾಸು ಇರಬೇಕಾದದ್ದು. "ಏನ ಎಂಜಿನ್ ಕೂಡಸೀಯೋ ಮಾರಾಯಾ, ಇದು ಒಡದ ಹೋಗ್ತೈತಿ" ಎಂದು ಕೂಗಿದೆ. ಮಿಸ್ತ್ರಿ ಕಿವಿಗೊಟ್ಟು ಕೇಳಿದ, ಮೀಟರ್ ನೋಡಿದ, ಮತ್ತೆ ಕಿವಿಗೊಟ್ಟ. ಅಂಕಿ ಬರೆದು ತೋರಿಸುವ ಮೀಟರಿನ ಮುಂದೆ ಅವನ ಕಿವಿಯೂ ಅಳುಕಿತು. "ಮೀಟರ್ ಹೇಳ್ತದಂದ್ರ ಖರೇನ ಇರಬೇಕ ಶೇಠ" ಎಂದು ಎಂಜಿನ್ನಿನ ಓಟ ತಗ್ಗಿಸತೊಡಗಿದ. ಮೂರೂವರೆ ಸಾವಿರಕ್ಕೆ ಬಂತು. ಮೂರು ಸಾವಿರಕ್ಕೆ ಗಾಡಿ ಜ್ವರ ಬಂದವರಂತೆ ನಡುಗಿತು. ಎರಡೂವರೆ ಸಾವಿರಕ್ಕೆ ಎಂಜಿನ್ ನಿಂತೇಹೋಯಿತು.

ಎರಡೂವರೆ ಸಾವಿರ ಸುತ್ತಿಗೆ ನಿಂತುಹೋಗುವ ಎಂಜಿನ್ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ ಎಂದು ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯುತ್ತಿದ್ದದ್ದು ಟಿಕಲಿ ಮಾತ್ರ. ಮೂರು ಸಾವಿರಕ್ಕೆ ರಾಜಿಯಾಗಿ, ಡಬ್ಬಿಯ ಸ್ಕ್ರೂ ತಿರುಗಿಸಿ, ಮುಳ್ಳನ್ನೂ ಮೂರು ಸಾವಿರಕ್ಕೆ ನಿಲ್ಲಿಸಿದೆವು. ಅದು ಸರಿಯಾಗಿ ಕುಂಕುಮದ ಮೇಲೆ ನಿಂತಿತು. ನನಗೆ ಕಣ್ಣು ತುಂಬಿ ಬಂತು. ದೇವರೇ ದಾರಿ ತೋರಿಸಿದ ಎಂದುಕೊಂಡೆ.

ಮರುದಿನ ಒಬ್ಬನೇ ಗಾಡಿ ತೆಗೆದುಕೊಂಡು, ಏಳು ದಾರಿ ಕೂಡುವ ಸಾತ್ ರಸ್ತೆಯ ಕಡೆ ಹೊರಟೆ. ಕಾಲು ತುಸು ಒತ್ತಿದರೆ ಮುಳ್ಳು ಆರು ಸಾವಿರ. ಇನ್ನೂ ತುಸು ಒತ್ತಿದರೆ ಎಂಟು ಸಾವಿರ, ಅದರಾಚೆ ಗಾಜು. ಹೆದರಿ ಕಾಲು ತೆಗೆದರೆ ಗಾಡಿ ನಡುಗಿ ನಿಲ್ಲುತ್ತದೆ. ಒತ್ತಿದರೆ ಒಡೆಯುತ್ತದೆ, ಬಿಟ್ಟರೆ ಸಾಯುತ್ತದೆ ಎಂಬ ಸ್ಥಿತಿಯಲ್ಲಿ ನಾನು ಸೋಲಾಪುರದ ರಸ್ತೆಗಳಲ್ಲಿ ಇರುವೆಯ ವೇಗದಲ್ಲಿ ಸಾಗಿದೆ. ಹಣ್ಣಿನ ಗಾಡಿ ತಳ್ಳುವವರು ನನ್ನನ್ನು ಹಿಂದೆ ಹಾಕಿದರು. ಸಾತ್ ರಸ್ತೆಯ ನಟ್ಟನಡುವೆ ಗಾಡಿ ನಿಂತಿತು. ಶುರು ಮಾಡಿದೆ, ನಿಂತಿತು. ಹಿಂದಿದ್ದ ಎಸ್‌ಟಿ ಬಸ್ಸಿನ ಡ್ರೈವರ್ ತಲೆ ಹೊರಹಾಕಿ, "ಕಾಕಾ, ಢಕಲೂ ಕಾ?" ಎಂದ. ತನ್ನ ಬಸ್ಸಿನಿಂದಲೇ ನನ್ನನ್ನು ದಬ್ಬಿಬಿಡಲೇ ಎಂದು ಅವನ ಭಾವ. ಆಗಲೇ ಪಕ್ಕದಲ್ಲಿ ಒಂದು ರಿಕ್ಷಾ ಹಾದುಹೋಯಿತು. ಅದರಲ್ಲಿ ಸುವರ್ಣಾ ಇದ್ದಳು. ನನ್ನನ್ನು ನೋಡಿದಳು. ಆಮೇಲೆ, ಈ ಮನುಷ್ಯನನ್ನು ಎಲ್ಲಿಯೂ ಕಂಡಿಲ್ಲ ಎಂಬಂತೆ ಸೆರಗು ಸರಿಮಾಡಿಕೊಂಡು ಮುಂದೆ ನೋಡಿದಳು.

ಮನೆಗೆ ಬಂದಾಗ ಅವಳು ಕನ್ನಡಿಯ ಮುಂದೆ ಹುಡುಕುತ್ತಿದ್ದಳು.

"ವಾಸ್ತುಶಾಂತಿಗಿ ಅಂತ ಹೊಸಾ ಟಿಕಲಿ ತಂದಿದ್ದೆ. ಪಾಕೀಟು ಒಡದೈತಿ. ಯಾರ ತಗೊಂಡ್ರಿ?"

ನಾನು ಬಾನೆಟ್ಟು ಎತ್ತಿ ತೋರಿಸಿದೆ. ಅವಳು ಬಗ್ಗಿ ನೋಡಿದಳು. ಗಾಲಿಯ ಸುತ್ತ ತನ್ನ ಐದು ಟಿಕಲಿಗಳು ಸಾಲಾಗಿ ಕುಳಿತದ್ದನ್ನು ಕಂಡು ಬಾಯಿಗೆ ಸೆರಗು ಹಿಡಿದಳು. ನಾನು ಕೈಮೀಟರ್ ಹೇಗೆ ಕೆಲಸ ಮಾಡುತ್ತದೆ, ಹೊಳಪನ್ನು ಹೇಗೆ ಎಣಿಸುತ್ತದೆ ಎಂದೆಲ್ಲ ಸಾವಧಾನವಾಗಿ ವಿವರಿಸಿದೆ.

"ಮತ್ತ ಐದ್ಯಾಕ ಹಚ್ಚೀರಿ?"

"ಶುಭಕಾರ್ಯ. ಮುತ್ತೈದೇರು ಐದಲ್ಲೇನ?"

"ಅದಕ್ಕೇನ ಗೊತ್ತರಿ ಮುತ್ತೈದೇರ ಲೆಕ್ಕ? ಹೊಳದದ್ದನ್ನೆಲ್ಲಾ ಎಣಿಸ್ತೈತಿ. ಗಾಲಿ ಒಂದ ಸಲ ತಿರಗಿದ್ರ ಅದು ಐದಂತೈತಿ."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ನಾಲ್ಕು ಸಾವಿರವನ್ನು ಐದರಿಂದ ಭಾಗಿಸಿದರೆ ಎಂಟುನೂರು. ಮೊದಲ ದಿನದಿಂದ ಎಂಜಿನ್ ಸರಿಯಾಗಿಯೇ ತಿರುಗುತ್ತಿತ್ತು. ನಾವಿಬ್ಬರು ಸೇರಿ ಅದರ ಉಸಿರು ಹಿಡಿದಿದ್ದೆವು. ಬಾಯಲ್ಲೇ ಗುಣಾಕಾರ ಮಾಡಿ ಗಿರಾಕಿಗೆ ಬಿಲ್ಲು ಹೇಳುವ ನನಗೆ ಐದರ ಮಗ್ಗಿ ಕೈಕೊಟ್ಟಿತ್ತು.

ಅವಳೇ ನಾಲ್ಕು ಟಿಕಲಿ ಕಿತ್ತು ಪಾಕೀಟಿಗೆ ಮರಳಿ ಅಂಟಿಸಿದಳು. ಒಂದನ್ನು ಬಿಟ್ಟಳು. ಮಿಸ್ತ್ರಿ ಬಂದು, ವಿಷಯ ಕೇಳಿ, ನನ್ನೆದುರು ನಗಬಾರದೆಂದು ಕಾರಿನ ಕೆಳಗೆ ಹೊಕ್ಕು ನಕ್ಕು ಹೊರಬಂದ. ಎಂಜಿನ್ನನ್ನು ಎಂಟುನೂರಕ್ಕೆ ತಂದ. ನಾನು ಸ್ಕ್ರೂ ತಿರುಗಿಸಿ ಮುಳ್ಳನ್ನು ಎಂಟುನೂರಕ್ಕೆ ನಿಲ್ಲಿಸಿದೆ. ಎಂಜಿನ್ ಏರಿಸಿ ನೋಡಿದೆವು. ಕೈಮೀಟರ್ ಎರಡು ಸಾವಿರ ಅಂದರೆ ಮುಳ್ಳೂ ಎರಡು ಸಾವಿರ. ಕೂದಲೆಳೆಯ ವ್ಯತ್ಯಾಸವಿಲ್ಲ. ಗಾಡಿ ಮೋಡಕಾದಿಂದ ಪಾರಾಯಿತು.

ವಾಸ್ತುಶಾಂತಿಯ ದಿನ ಬೆಳಗ್ಗೆ ಹೊರಟೆವು. ಸುವರ್ಣಾ ಇಳಕಲ್ ಸೀರೆ ಉಟ್ಟು, ಉಳಿದ ಟಿಕಲಿಯೊಂದನ್ನು ಹಣೆಗೆ ಇಟ್ಟುಕೊಂಡು, ರೊಟ್ಟಿಯ ಡಬ್ಬಿಯನ್ನು ಕಾಲ ಬಳಿ ಇಟ್ಟುಕೊಂಡು ಕುಳಿತಳು. ಅವಳನ್ನು ಹಾಗೆ ಪಕ್ಕದಲ್ಲಿ ನೋಡಿ ನನಗೆ ಇಪ್ಪತ್ತೈದರ ಹುರುಪು ಬಂತು. ಕುಂಭಾರಿಯವರೆಗೆ ಡೈನಮೋ ಹೇಗೆ ಎಣಿಸುತ್ತದೆ ಎಂದು ಹೇಳಿದೆ. ವಳಸಂಗದವರೆಗೆ ಮಿಸ್ತ್ರಿ ಹಾಕಿದ ಡಬ್ಬಿಯ ಮಹತ್ವ ವಿವರಿಸಿದೆ. ಅಕ್ಕಲಕೋಟದಲ್ಲಿ ದರ್ಶನದ ಸಾಲಿನಲ್ಲಿ ನಿಂತು ಸ್ಕ್ರೂವಿನ ವಿಷಯ ಪೂರ್ತಿ ಮಾಡಿದೆ. ಅವಳು ಹೂಂ, ಹೂಂ ಅನ್ನುತ್ತಿದ್ದಳು. ಮುಳ್ಳು ಮಾತ್ರ ಎನ್ನಲಿಲ್ಲ.

ತಪ್ಪು ಅವಳದಲ್ಲ ಎಂದುಕೊಂಡೆ. ಡಿಸೇಲ್ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಮುಳ್ಳು ಎರಡು ಸಾವಿರದ ಮೇಲೆ ಏರುತ್ತಲೇ ಇಲ್ಲ. ಕುಂಕುಮ ಎಷ್ಟೋ ದೂರ. ಅಕ್ಕಲಕೋಟ ದಾಟಿ ಕರಜಗಿಯ ದಾರಿ ಹಿಡಿದಾಗ ರಸ್ತೆ ಖಾಲಿ ಇತ್ತು. ಎರಡೂ ಕಡೆ ತೊಗರಿ. ಬೇಕೆಂದೇ ಕಾಲು ಒತ್ತಿದೆ.

"ನೋಡಿಲ್ಲಿ, ಎರಡೂವರಿ. ಎರಡೂಮುಕ್ಕಾಲು. ಈಗ ನೋಡು, ಈಗ ನೋಡು, ಮೂರು. ಕುಂಕುಮಾ ಮುಟ್ಟೇತಿ ನೋಡು."

ಎಂಜಿನ್ ಒದರುತ್ತಿತ್ತು. ಗಾಡಿಯ ಬಾಗಿಲುಗಳೆಲ್ಲ ಮಾತಾಡುತ್ತಿದ್ದವು. ಅವಳು ತೊಗರಿ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಕಾಲು ತೆಗೆದು ಕೇಳಿಯೇಬಿಟ್ಟೆ.

"ಅಲ್ಲಾ, ಇಷ್ಟೆಲ್ಲಾ ಮಾಡಿ ಮುಳ್ಳು ಏಳಸೀನಿ. ನೀ ಒಮ್ಮೀಯೂ ನೋಡವಲ್ಲೆಲ್ಲಾ?"

"ನಾ ಯಾವಾಗ ಮುಳ್ಳು ನೋಡೀನ್ರಿ?" ಎಂದಳು ಆಶ್ಚರ್ಯದಿಂದ. "ಸ್ಟೇರಿಂಗಿನ ಆ ಕಡೆ ಕೂಡಸೀರಿ. ನನಗ ಇಲ್ಲಿಂದ ಕಾಣಂಗಿಲ್ಲದು. ಎಂದೂ ಕಂಡಿಲ್ಲ."

"ಮತ್ತ ಇಷ್ಟು ವರ್ಷ ಮುಳ್ಳು, ಮುಳ್ಳು ಅಂತಿದ್ದೆಲ್ಲಾ?"

"ನಿಮ್ಮ ಮಾತು ನಿಂತಕೂಡ್ಲೇ ಅಂತಿದ್ದೆ. ಅಂಗಡಿ ಚಿಂತಿ ಹತ್ತಿದ್ರ ನೀವು ಗಪ್ಪಾಗ್ತೀರಿ. ಗಪ್ಪಾದ್ರಿ ಅಂದ್ರ ಗಾಡಿ ಜೋರ ಹೊಂಟಿರ್ತೈತಿ. ಇವತ್ತ ಮನಿ ಬಿಟ್ಟಾಗಿಂದ ಬಾಯಿ ಮುಚ್ಚೀರೇನು? ಆವತ್ತ ಕುಂಭಾರಿಗಿ ಹೋದಾಗೂ ಹಂಗ. ನನಗ ನಮ್ಮ ಗಾಡ್ಯಾಗ ಅಲ್ಲ, ಯಾವುದೋ ಭಾಷಣಕ್ಕ ಬಂದಂಗ ಆತು."

ನಾನು ಬಾಯಿ ಮುಚ್ಚಿದೆ. ಹಾರ್ನು, ಡಬ್ಬಿ, ಕೈಮೀಟರ್, ಸಾತ್ ರಸ್ತೆಯ ಅಪಮಾನ, ಐದು ಟಿಕಲಿ ಎಲ್ಲವೂ ಕಣ್ಣ ಮುಂದೆ ಬಂದವು. ಅಷ್ಟು ವರ್ಷ ಅವಳು ನೋಡುತ್ತಿದ್ದದ್ದು ಮುಂಬಯಿಯ ಆ ಹಸಿರು ಮೀಟರನ್ನಲ್ಲ, ನನ್ನನ್ನು.  ಮುಂದಿನ ದಾರಿಯಲ್ಲಿ ಡೈನಮೋ, ಸ್ಕ್ರೂ ಯಾವುದರ ಮಾತನ್ನೂ ಎತ್ತದೆ ರಸ್ತೆ ನೋಡುತ್ತ ಗಾಡಿ ನಡೆಸಿದೆ.

ಊರು ಹತ್ತಿರವಾದಾಗ ರಸ್ತೆಯ ತುಂಬ ಕುರಿಗಳು ಬಂದವು. ಒಂದನೇ ಗೇರಿನಲ್ಲಿ ಹಿಂಡಿನ ಹಿಂದೆ ತೆವಳುತ್ತಿದ್ದೆ. ಕೊನೆಯ ಕುರಿ ನಮಗಿಂತ ಮುಂದಿತ್ತು. ಮುಳ್ಳು ಒಂದು ಸಾವಿರದ ಮೇಲೆ ಮಿಸುಕದೆ, ನೂರಕ್ಕೆ ನೂರು ಸತ್ಯ ಹೇಳುತ್ತಿತ್ತು.

"ಮುಳ್ಳು," ಎಂದಳು ಸುವರ್ಣಾ ಮೆಲ್ಲಗೆ.

ಅಷ್ಟು ವರ್ಷಗಳ ಅಭ್ಯಾಸ. ನಾನು ಚಟ್ಟನೆ ಕಾಲು ತೆಗೆದು, ಕ್ಲಚ್ಚು ಮರೆತು ಬ್ರೇಕು ಒತ್ತಿದೆ. ಗಾಡಿ ಒಮ್ಮೆ ನಡುಗಿ ನಿಂತುಹೋಯಿತು. ಕುರಿ ಕಾಯುವವನು ಕೋಲು ಊರಿ ತಿರುಗಿ ನೋಡಿದ.

"ಯಾಕ್ರಿ ಯಜಮಾನ್ರ, ದಬ್ಬಬೇಕೇನ್ರಿ?"

"ಬ್ಯಾಡಪಾ," ಎಂದಳು ಸುವರ್ಣಾ ಕಿಟಕಿಯಿಂದ. "ಮುಳ್ಳು ಸರಿ ಐತಿ. ಗಾಡಿ ಅಷ್ಟ ನಿಂತೈತಿ."